ಬಾಗುವ ವಿಲೋ, ಮುರಿಯುವ ವಿಲೋ

ಕ್ರಿಕೆಟ್ ದಾಂಡನ್ನು ಹಿಡಿದ ವಿದ್ಯಾರ್ಥಿಗಳೆಲ್ಲರೂ ವಿಲೋ ಮರದ ಹೆಸರನ್ನು ಕೇಳಿಯೇ ಇರುವರು. ಆದರೆ ವಿಲೋ ಎಂಬುದು ಒಂದೇ ಮರವಲ್ಲ. ಸೇಲಿಕ್ಸ್ ಕುಲದ ನೂರಾರು ಪ್ರಭೇದಗಳಿಗೂ ಇದೇ ಹೆಸರು. ಯೂರೋಪಿನ ಹೊಳೆದಂಡೆಗಳಲ್ಲಿ ಕಾಣಬರುವ ಎರಡು ಬಂಧುಗಳನ್ನು ನಾವಿಲ್ಲಿ ಹೋಲಿಸಿ ನೋಡೋಣ. ಒಂದು ಬಿಳಿ ವಿಲೋ, ಎಂದರೆ ಸೇಲಿಕ್ಸ್ ಆಲ್ಬ. ಇನ್ನೊಂದು ಬಹುಕಾಲ ಸೇಲಿಕ್ಸ್ ಫ್ರಾಜಿಲಿಸ್ ಎಂದು ಕರೆಸಿಕೊಂಡ ಮುರುಕು ವಿಲೋ.

ದೂರದಿಂದ ಎರಡೂ ಒಂದೇ ಎನಿಸುವುದು. ಎಲೆಯನ್ನು ಕೈಗೆತ್ತಿಕೊಂಡರೆ ಭೇದ ತಿಳಿಯುವುದು. ಬಿಳಿ ವಿಲೋವಿನ ಎಲೆಯಲ್ಲಿ, ಮುಖ್ಯವಾಗಿ ಅದರ ಕೆಳಮೈಯಲ್ಲಿ, ರೇಷ್ಮೆಯಂತಹ ರೋಮಗಳಿರುತ್ತವೆ. ಗಾಳಿ ಬೀಸಿದಾಗ ಮರವೆಲ್ಲ ಬೆಳ್ಳಿಯಂತೆ ಮಿನುಗುವುದು ಇದರಿಂದಲೇ. ಮುರುಕು ವಿಲೋವಿನ ಬಲಿತ ಎಲೆಗೆ ರೋಮಗಳಿಲ್ಲ. ಅದು ಹೆಚ್ಚು ಅಗಲ, ಬಣ್ಣ ಹೊಳೆಯುವ ಹಸುರು. ಇನ್ನೂ ಸುಲಭವಾದ ಪರೀಕ್ಷೆಯೊಂದುಂಟು. ಎಳೆಯ ಕಡ್ಡಿಯನ್ನು ಅದರ ಬುಡದಲ್ಲಿ ಅದುಮಿದರೆ ಬಿಳಿ ವಿಲೋ ಬಾಗುವುದು. ಮುರುಕು ವಿಲೋ ಲಟಕ್ಕನೆ ಮುರಿಯುವುದು.

ಆದರೆ ಪ್ರಕೃತಿ ನಮ್ಮ ವರ್ಗೀಕರಣಕ್ಕೆ ಸದಾ ಕಟ್ಟುಬೀಳದು. ಈ ಎರಡು ಮರಗಳು ಕೂಡಿ ಸಂಕರ ಸಸ್ಯಗಳು ಹುಟ್ಟುವುವು. 1753ರಲ್ಲಿ ಲಿನಿಯಸ್ ಫ್ರಾಜಿಲಿಸ್ ಎಂದು ಹೆಸರಿಟ್ಟದ್ದು ಅಂತಹ ಸಂಕರಕ್ಕೇ ಎಂದು 2009ರಲ್ಲಿ ತೀರ್ಮಾನವಾಯಿತು. ಶುದ್ಧ ಪ್ರಭೇದಕ್ಕೆ ಈಗ ಸೇಲಿಕ್ಸ್ ಯೂಕ್ಸಿನ ಎಂಬ ಹೆಸರು.

ಕಡ್ಡಿ ಮುರಿಯುವುದು ಮರದ ದೌರ್ಬಲ್ಯವೆಂದು ನಾವು ಭಾವಿಸಬಹುದು. ನಿಜವಾಗಿ ಅದೊಂದು ಉಪಾಯ. ಮುರಿದ ಕಡ್ಡಿ ಹೊಳೆಯಲ್ಲಿ ತೇಲಿಹೋಗಿ, ಹಸಿಮಣ್ಣಿನಲ್ಲಿ ತಂಗಿ, ಬೇರುಬಿಟ್ಟು ಹೊಸ ಮರವಾಗುವುದು. ಬಿಳಿ ವಿಲೋವಿನ ರೆಂಬೆಯೂ ಬೇರುಬಿಡಬಲ್ಲುದು. ದಾಂಡಿಗೆ ಒದಗುವ ಕೆರೂಲಿಯ ಎಂಬ ಬಗೆಯನ್ನು ಇಂಗ್ಲೆಂಡಿನಲ್ಲಿ ರೆಂಬೆ ನೆಟ್ಟೇ ಬೆಳೆಸುವರು. ಅಲ್ಲಿ ಮನುಷ್ಯನು ಮಾಡುವ ಕೆಲಸವನ್ನು ಮುರುಕು ವಿಲೋವಿಗೆ ಗಾಳಿಯೂ ನೀರೂ ಮಾಡಿಕೊಡುವುವು.

ಇದರ ಪರಿಣಾಮವನ್ನು ನ್ಯೂಜಿಲೆಂಡಿನಲ್ಲಿ ನೋಡಬಹುದು. ದಂಡೆಯ ಮಣ್ಣು ಕೊಚ್ಚಿಹೋಗದಿರಲೆಂದು 19ನೆಯ ಶತಮಾನದಲ್ಲಿ ವಲಸೆಗಾರರು ಅಲ್ಲಿಗೆ ಮುರುಕು ವಿಲೋವನ್ನು ತಂದು ನೆಟ್ಟರು. ವಿಲೋಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅಲ್ಲಿರುವ ಮುರುಕು ವಿಲೋಗಳು ಬಹುಮಟ್ಟಿಗೆ ಗಂಡು ಮರಗಳೇ. ಆದರೂ ಅವು ಮುರಿದ ಕಡ್ಡಿಗಳಿಂದಲೇ ಹರಡಿ, ಹೊಳೆಗಳ ಪಾತ್ರದಲ್ಲಿ ಒತ್ತಾಗಿ ಬೆಳೆದು, ನೀರಿಗೆ ತಡೆಯಾಗಿ ನೆರೆಯನ್ನು ಹೆಚ್ಚಿಸಿದುವು. ದಂಡೆಯ ಕಾವಲಿಗೆ ನೆಟ್ಟ ಮರವನ್ನು ಅನೇಕ ಕಡೆ ಕಡಿದು ತೆಗೆಯಬೇಕಾಗಿ ಬಂದಿತು. ನೆಡುವ ಮೊದಲು ಕಡ್ಡಿಯನ್ನು ಒಮ್ಮೆ ಬಾಗಿಸಿ ನೋಡುವುದು ಎಷ್ಟು ಬೆಲೆಯುಳ್ಳ ಪರೀಕ್ಷೆಯೆಂಬುದು ಈಗ ನಮಗೆ ಅರಿವಾಗುವುದು.