ಅಂಗಡಿಯ ಕೋಳಿ ಒಮ್ಮೊಮ್ಮೆ ನಾರಾಗುವುದೇಕೆ?

ಭಾನುವಾರ ಬೆಳಿಗ್ಗೆ ಬೀದರ್ ನಗರದ ಯಾವ ಕೋಳಿ ಅಂಗಡಿಯ ಮುಂದೆ ನಿಂತರೂ ಕಾಣುವ ನೋಟ ಒಂದೇ. ಗಿರಾಕಿ ಜಾಲರಿಯೊಳಗಿನ ಕೋಳಿಯನ್ನು ತೋರಿಸುತ್ತಾನೆ. ಅದನ್ನು ತೂಗಿ, ಕೊಯ್ದು, ಚರ್ಮ ಸುಲಿದು, ತುಂಡು ಮಾಡಿ ಚೀಲಕ್ಕೆ ಹಾಕಿಕೊಡಲು ಹತ್ತು ನಿಮಿಷ ಸಾಕು. ಮಾಂಸ ಬೆಚ್ಚಗಿರುವಾಗಲೇ ಮನೆ ಸೇರಿ ಒಲೆ ಏರುತ್ತದೆ. ಆದರೂ ಕೆಲವೊಮ್ಮೆ ಊಟದ ಹೊತ್ತಿಗೆ ನಿರಾಸೆ ಕಾದಿರುತ್ತದೆ. ಹಲ್ಲು ಸಡಿಲವಾದ ಅಜ್ಜ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಸಾರಿನಲ್ಲಿ ಜೋಳದ ರೊಟ್ಟಿ ಅದ್ದಿ ಊಟ ಮುಗಿಸುತ್ತಾರೆ. 'ಹಳೆಯ ಕೋಳಿ ಕೊಟ್ಟ' ಎಂದು ಅಂಗಡಿಯವನಿಗೆ ಬೈಗುಳ, 'ಸರಿಯಾಗಿ ಬೇಯಿಸಲಿಲ್ಲ' ಎಂದು ಅಡುಗೆ ಮಾಡಿದಾಕೆಗೆ ಒಂದು ಮಾತು. ಭಾಲ್ಕಿ, ಔರಾದಗಳಲ್ಲೂ ಕಥೆ ಬೇರೆಯಲ್ಲ. ಆದರೆ ತಪ್ಪು ಯಾವಾಗಲೂ ಇವರಿಬ್ಬರದೇ ಅಲ್ಲ.

ಮೊದಲು ಕೋಳಿಯ ವಯಸ್ಸನ್ನು ನೋಡೋಣ. ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವುದು ಕೊಲಾಜೆನ್ ಎಂಬ ಪ್ರೋಟೀನು. ಹಕ್ಕಿಗೆ ವಯಸ್ಸಾದಂತೆ ಇದರ ಹೆಣಿಗೆ ಗಟ್ಟಿಯಾಗುತ್ತದೆ. ಜನ 'ಬಾಯ್ಲರ್' ಎಂದು ಕರೆಯುವ ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಅದು ಇನ್ನೂ ಮರಿಯೇ, ಹಾಗಾಗಿ ಮೃದು. ಹಿತ್ತಲಲ್ಲಿ ಓಡಾಡಿ ತಿಂಗಳುಗಟ್ಟಲೆ ಬೆಳೆದ ಜವಾರಿ ಕೋಳಿ ಗಟ್ಟಿ. ಮೊಟ್ಟೆ ಫಾರಂಗಳಲ್ಲಿ ಸುಮಾರು ಒಂದೂವರೆ ವರ್ಷಕ್ಕೆ ಇಳುವರಿ ಕಡಿಮೆಯಾದಾಗ ಮಾಂಸಕ್ಕೆ ಮಾರಾಟವಾಗುವ ಲೇಯರ್ ಕೋಳಿಯೂ ಗಟ್ಟಿಯೇ. ಪುಕ್ಕದ ಬಣ್ಣ ನೋಡಿ ಜವಾರಿ ಎಂದು ನಂಬುವಂತಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಗೂ ಬಣ್ಣದ ಪುಕ್ಕವಿದೆ. ಆ ಕಾಲೇಜು ಇಂದು ನಮ್ಮ ಬೀದರ್‌ನಲ್ಲೇ ಕೇಂದ್ರ ಕಚೇರಿ ಇರುವ ಪಶು ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೊಳ್ಳುವ ಮೊದಲು 'ಯಾವ ಕೋಳಿ, ಎಷ್ಟು ವಯಸ್ಸು?' ಎಂದು ಕೇಳುವುದೇ ಸರಿಯಾದ ದಾರಿ.

ಹಾಗಾದರೆ ಎಳೆಯ ಬಾಯ್ಲರ್ ಕೋಳಿಯೂ ಒಮ್ಮೊಮ್ಮೆ ರಬ್ಬರಿನಂತಾಗುವುದೇಕೆ? ಇಲ್ಲಿ ನಾವು ಮೆಚ್ಚುವ 'ತಾಜಾತನ'ವೇ ತೊಡಕು. ಜೀವ ಹೋದ ಮೇಲೂ ಸ್ನಾಯುವಿನಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತದೆ. ಅದು ಮುಗಿದಾಗ ಸ್ನಾಯುವಿನ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹೆಣ ಸೆಟೆಯುವುದು ಎನ್ನುತ್ತೇವಲ್ಲ, ಅದೇ ಇದು. ಕೋಳಿಯಲ್ಲಿ ಈ ಬಿಗಿತ ಬೇಗ ಬರುತ್ತದೆ. ಆಮೇಲೆ ಮಾಂಸದೊಳಗಿನ ಕಿಣ್ವಗಳು ಎಳೆಗಳನ್ನು ಸಡಿಲಿಸತೊಡಗುತ್ತವೆ. ಇದಕ್ಕೆ ನಾಲ್ಕರಿಂದ ಆರು ಗಂಟೆ ಬೇಕು. ಕೊಯ್ದು ಒಂದೆರಡು ಗಂಟೆಯೊಳಗೆ ಒಲೆಗೇರಿಸಿದರೆ ಬಿಗಿದ ಮಾಂಸವನ್ನೇ ಬೇಯಿಸಿದಂತೆ. ಇನ್ನೊಂದು ಸಂಗತಿ: ಎಲುಬು ಎಳೆಗಳನ್ನು ಹಿಡಿದಿಟ್ಟಿರುತ್ತದೆ. ಬೆಚ್ಚಗಿರುವಾಗಲೇ ಸಣ್ಣ ತುಂಡು ಮಾಡಿದರೆ ಅವು ಕುಗ್ಗಿ ಇನ್ನಷ್ಟು ಗಟ್ಟಿಯಾಗುತ್ತವೆ. ಕೂಡಲೇ ಫ್ರೀಜರಿಗೆ ಹಾಕಿದರೂ ಬಿಗಿತ ತಪ್ಪದು, ಕರಗಿಸುವಾಗ ಮಾಂಸ ಸೆಟೆಯುತ್ತದೆ. ಕೊಯ್ಯುವ ಮುನ್ನ ಕೋಳಿ ಬಿಸಿಲಿಗೆ ಏದುಸಿರು ಬಿಟ್ಟು ಬಹಳ ಒದ್ದಾಡಿದ್ದರೆ ಸ್ನಾಯುವಿನ ಶಕ್ತಿ ಮೊದಲೇ ಖಾಲಿಯಾಗಿ ಬಿಗಿತ ಇನ್ನೂ ಬೇಗ ಬರುತ್ತದೆ.

ಮೂರನೆಯದು ಒಲೆ. ಕೊಲಾಜೆನ್ ನೀರಿನಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಬೆಂದರೆ ಕರಗಿ ಮೆತ್ತಗಾಗುತ್ತದೆ. ಆದ್ದರಿಂದಲೇ ಜವಾರಿ ಕೋಳಿಯ ಸಾರನ್ನು ಹೊತ್ತುಗಟ್ಟಲೆ ಕುದಿಸುವುದು. ಫ್ರಾನ್ಸಿನಲ್ಲಿ ಮುದಿ ಹುಂಜವನ್ನು ದ್ರಾಕ್ಷಾರಸದಲ್ಲಿ ಬೇಯಿಸುವ ಪದ್ಧತಿ ಬೆಳೆದದ್ದೂ ಇದಕ್ಕಾಗಿಯೇ. ಬಾಯ್ಲರಿನ ಎದೆಮಾಂಸದ ರೀತಿ ಬೇರೆ. ಅದರಲ್ಲಿ ಕೊಲಾಜೆನ್ ಕಡಿಮೆ. ಹೆಚ್ಚು ಬೆಂದಷ್ಟೂ ನೀರು ಹೋಗಿ ಒಣಗಿ ನಾರಾಗುತ್ತದೆ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಜವಾರಿಗೆ ಹಾಕುವ ಉರಿ ಇದಕ್ಕೆ ಸಲ್ಲದು.

ಇನ್ನೊಂದು ಕಾರಣಕ್ಕೆ ಮಾತ್ರ ಅಡುಗೆಮನೆಯಲ್ಲಿ ಮದ್ದಿಲ್ಲ. ಬೇಗ ಬೆಳೆದು ಭಾರೀ ತೂಗುವ ಕೆಲವು ಬ್ರಾಯ್ಲರುಗಳ ಎದೆಮಾಂಸ ಕಟ್ಟಿಗೆಯಂತೆ ಪೆಡಸಾಗುತ್ತದೆ. ಇದನ್ನು 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ವಿವರಿಸಿದರು. ಹಸಿಯಾಗಿರುವಾಗಲೇ ಬೆರಳಿಂದ ಒತ್ತಿದರೆ ಗೊತ್ತಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಬೆಳಿಗ್ಗೆ ಕೊಂಡ ಕೋಳಿಯನ್ನು ರಾತ್ರಿಯ ಊಟಕ್ಕೆ ಬೇಯಿಸಿ. ಸಾಧ್ಯವಾದರೆ ಇಡಿಯಾಗಿ, ಇಲ್ಲವೇ ದೊಡ್ಡ ತುಂಡುಗಳಾಗಿ ತನ್ನಿ. ಬೇಸಿಗೆಯಲ್ಲಿ 40 ಡಿಗ್ರಿಯ ಆಸುಪಾಸಿಗೆ ಏರುವ ನಮ್ಮ ಜಿಲ್ಲೆಯಲ್ಲಿ ಅದನ್ನು ಹೊರಗಿಡಬಾರದು, ಮಾಂಸ ಕೆಡುತ್ತದೆ. ಫ್ರಿಜ್ಜಿನಲ್ಲಿ ಅಥವಾ ಸಾಕಷ್ಟು ಮಂಜುಗಡ್ಡೆಯ ನಡುವೆ ಮುಚ್ಚಿಡಿ. ಮೊಸರಿನಲ್ಲಿ ನೆನೆಸುವುದು ಒಳ್ಳೆಯದು. ಹಸಿ ಪಪ್ಪಾಯಿ ತಿರುಳನ್ನು ಸ್ವಲ್ಪವೇ ಹಚ್ಚಿ. ಅದರ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ, ಹೆಚ್ಚಾದರೆ ಮಾಂಸ ಹಿಟ್ಟಿನಂತಾಗುತ್ತದೆ. ಫ್ರಿಜ್ಜಿಲ್ಲದ ಮನೆಯವರು ಕಾಯುವ ಗೋಜಿಗೆ ಹೋಗದೆ, ತಂದ ಕೂಡಲೇ ಸಣ್ಣ ಉರಿಯ ಮೇಲೆ ಸಾರಿನಲ್ಲಿ ಬೇಯಿಸುವುದೇ ಕ್ಷೇಮ.

ಇಷ್ಟು ಮಾಡಿದರೆ ಮುಂದಿನ ಭಾನುವಾರ ಅಜ್ಜನ ತಟ್ಟೆಯ ಅಂಚಿನಲ್ಲಿ ಎಲುಬು ಮಾತ್ರ ಉಳಿದೀತು.