ಉದ್ಯಾನಕ್ಕೊಂದು ಉಪಕರ: ಒಪ್ಪಿಗೆ ಯಾರದು?

ಅಮೆರಿಕದ ಸಿಯಾಟಲ್ ನಗರದಲ್ಲಿ 2014ರ ಆಗಸ್ಟ್ ತಿಂಗಳಿನಲ್ಲಿ, ಉದ್ಯಾನಗಳಿಗಾಗಿ ಆಸ್ತಿ ತೆರಿಗೆ ವಿಧಿಸಬಲ್ಲ ಪ್ರತ್ಯೇಕ ಸಂಸ್ಥೆಯೊಂದಕ್ಕೆ ಮತದಾರರೇ ನೇರವಾಗಿ ಅನುಮೋದನೆ ನೀಡಿದರು. ನಮ್ಮಲ್ಲಿ ತೆರಿಗೆಯನ್ನು ಜನರ ಮತಕ್ಕೆ ಹಾಕುವ ಪದ್ಧತಿಯಿಲ್ಲ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಮಿತಿಯೊಳಗೆ ಚುನಾಯಿತ ಪರಿಷತ್ತು ಆಸ್ತಿ ತೆರಿಗೆಯ ದರವನ್ನು ನಿರ್ಣಯಿಸುತ್ತದೆ. ಅದರ ಮೇಲಿನ ಉಪಕರಗಳು ರಾಜ್ಯ ಶಾಸನದಿಂದ ಬಂದವು.

ಉಡುಪಿ ನಗರಸಭೆಯಾಗಲಿ, ಕಾರ್ಕಳ ಮತ್ತು ಕಾಪು ಪುರಸಭೆಗಳಾಗಲಿ, ವರ್ತಕರು ತಮ್ಮ ತೆರಿಗೆ ರಶೀದಿಯನ್ನೊಮ್ಮೆ ಗಮನಿಸಬೇಕು. 10,000 ರೂ. ತೆರಿಗೆಯಿರುವ ಅಂಗಡಿ ಕಟ್ಟಡಕ್ಕೆ ಶೇ. 15ರ ಆರೋಗ್ಯ ಉಪಕರ 1,500 ರೂ., ಶೇ. 6ರ ಗ್ರಂಥಾಲಯ ಉಪಕರ 600 ರೂ., ಶೇ. 3ರ ಭಿಕ್ಷುಕರ ಉಪಕರ 300 ರೂ. ಸೇರುತ್ತವೆ. ಪುಸ್ತಕ ಮುಟ್ಟದ ವರ್ತಕನೂ ಗ್ರಂಥಾಲಯದ ಪೋಷಕನೇ! ಉದ್ಯಾನದ ಹೆಸರಿನಲ್ಲಿ ಮಾತ್ರ ಒಂದು ಪೈಸೆಯೂ ಇಲ್ಲ. ಉದ್ಯಾನ ಹಾಗೂ ಬಯಲು ಜಾಗಗಳ ಸಂರಕ್ಷಣೆಗೆಂದು 1985ರ ಅಧಿನಿಯಮವೊಂದಿದೆ. ಅದು ಜಾಗವನ್ನು ಕಾಯುತ್ತದೆಯೇ ಹೊರತು ಉಪಕರ ವಿಧಿಸುವುದಿಲ್ಲ.

ಅಜ್ಜರಕಾಡಿನ ಭುಜಂಗ ಪಾರ್ಕ್, ಮಣಿಪಾಲದ ಮಣ್ಣಪಳ್ಳ, ಕಾರ್ಕಳದ ಆನೆಕೆರೆ, ಕಾಪುವಿನ ದೀಪಸ್ತಂಭದ ಕಡಲತೀರ ಇವೆಲ್ಲ ಸುತ್ತಲಿನ ಹೋಟೆಲು, ಅಂಗಡಿಗಳಿಗೂ ಗಿರಾಕಿಗಳನ್ನು ತರುವ ತಾಣಗಳು. ಇಂಥ ತಾಣಗಳ ಹೊಸ ಕಾಮಗಾರಿಗೆ ವಿಶೇಷ ಅನುದಾನ ದೊರೆತೀತು. ಆದರೆ ಮಳೆಗಾಲದ ಕಳೆ ಕೀಳಲು, ಕೆಟ್ಟ ದೀಪ ಬದಲಿಸಲು, ಕಾವಲುಗಾರನ ಸಂಬಳಕ್ಕೆ ವರ್ಷವಿಡೀ ಹಣ ಬೇಕು. ಸ್ಥಳೀಯ ಸಂಸ್ಥೆಯ ಸಾಮಾನ್ಯ ನಿಧಿಯಲ್ಲಿ ಇದಕ್ಕೆ ಚರಂಡಿ, ಬೀದಿದೀಪಗಳೊಡನೆ ಪೈಪೋಟಿ.

ಶೇ. 2ರ ಉದ್ಯಾನ ಉಪಕರವೆಂದರೆ ಮೇಲಿನ ಕಟ್ಟಡಕ್ಕೆ 200 ರೂ. ಹೊರೆ ದೊಡ್ಡದಲ್ಲ. ಆದರೂ ಪ್ರತಿಯೊಂದು ಉದ್ಯಾನಕ್ಕೆ ತಗಲುವ ವಾರ್ಷಿಕ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸದೆ ಅದನ್ನು ಕೇಳುವುದು ಸಾಧುವಲ್ಲ. ಆಯವ್ಯಯದ ಪೂರ್ವಭಾವಿ ಸಭೆಗಳಲ್ಲಿ ವರ್ತಕರು ಮೊದಲು ಕೇಳಬೇಕಾದುದು ಈ ಲೆಕ್ಕವನ್ನೇ.