ಹೆಣೆದ ಅಂಗಿಯ ಅಂಚು ಸುರುಳಿಯಾಗದಿರಲು

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಸುತ್ತಮುತ್ತ ಆಷಾಢದ ಸೋನೆಮಳೆ ಹಿಡಿಯಿತೆಂದರೆ, ಬಾಣಂತಿಯಿರುವ ಮನೆಗಳಲ್ಲಿ ಕೂಸಿನ ಸ್ವೆಟರು, ಕುಲಾವಿಗಳ ಚಿಂತೆ ಮೊದಲಾಗುತ್ತದೆ. ಅಜ್ಜಿಯೋ ಸೋದರತ್ತೆಯೋ ವಾರಗಟ್ಟಲೆ ಕುಳಿತು ಹೆಣೆದ ಅಂಗಿಯು ಕಡ್ಡಿಯಿಂದ ಇಳಿದೊಡನೆ ಬಾಡಿದ ಎಲೆಯಂತೆ ಸುರುಳಿಗೊಂಡರೆ, ಅದು ಕೂಸಿನ ಮೈಗೇರದೆ ಪೆಟ್ಟಿಗೆಯ ತಳ ಸೇರುತ್ತದೆ. ಹೆಣೆದವರ ಕೈ ಸರಿಯಿಲ್ಲವೆಂಬ ಮಾತೂ ಬರುತ್ತದೆ. ಈ ಮಾತು ನ್ಯಾಯವಾದುದಲ್ಲ. ದೋಷವಿರುವುದು ಕೈಯಲ್ಲಲ್ಲ, ಹೆಣಿಗೆಯ ಗುಣದಲ್ಲಿ.

ನೇಕಾರ ಶರಣ ಜೇಡರ ದಾಸಿಮಯ್ಯನವರ ಮಗ್ಗದಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಅಡ್ಡಹಾಯ್ದು ಬಿಗಿಯುತ್ತಿದ್ದವು. ಹೆಣಿಗೆಯಲ್ಲಿ ಹಾಗಿಲ್ಲ, ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಹೆಣೆದಾಗ ಮುಂಬದಿ ಜಡೆಯಂತೆ ನುಣುಪಾಗಿಯೂ ಹಿಂಬದಿ ಉಬ್ಬುಬ್ಬಾಗಿಯೂ ಕಾಣುತ್ತದೆ. ಬಾಗಿದ ಎಳೆ ನೆಟ್ಟಗಾಗಲು ಹವಣಿಸುತ್ತದೆ. ಎಲ್ಲ ಕುಣಿಕೆಗಳ ಸೆಳೆತವೂ ಒಂದೇ ರೀತಿಯದಾದುದರಿಂದ ಪಕ್ಕದ ಅಂಚುಗಳು ಹಿಂದಕ್ಕೂ, ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂದಕ್ಕೂ ಸುತ್ತಿಕೊಳ್ಳುತ್ತವೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆಯ ಯಂತ್ರವನ್ನು ನಿರ್ಮಿಸಿದನು. ಯಂತ್ರದ ಹೆಣಿಗೆಗೂ ಈ ಗುಣ ತಪ್ಪಲಿಲ್ಲ. ಹಳೆಯ ಬನಿಯನ್ನನ್ನು ಕತ್ತರಿಸಿ ನೋಡಿದರೆ ತಿಳಿಯುತ್ತದೆ.

ಆದುದರಿಂದ ಅಂಚಿನಲ್ಲಿ ಎರಡು ಬಗೆಯ ಕುಣಿಕೆಗಳೂ ಸಮನಾಗಿರುವ ಪಟ್ಟಿಯೊಂದು ಬೇಕು. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಅಂತಹ ಪಟ್ಟಿಯಾಗುತ್ತದೆ. ಕೂಸಿನ ಅಂಗಿಗೆ ಕೆಳಗೆ ಆರೆಂಟು ಸಾಲು, ಪಕ್ಕಗಳಲ್ಲಿ ನಾಲ್ಕೈದು ಕುಣಿಕೆ ಸಾಕು. ಮಣಿಕಟ್ಟಿಗೂ ಸೊಂಟಕ್ಕೂ ಎರಡು ಸೀದಾ, ಎರಡು ಉಲ್ಟಾ ಇರುವ ಹಿಗ್ಗುವ ಪಟ್ಟಿಯೇ ಲೇಸು. ಮುಂದೆ ತೆರೆದ ಸ್ವೆಟರಿಗೆ ಮಾತ್ರ ಪಟ್ಟಿ ಗಟ್ಟಿಯಾಗಿರಲಿ. ಸುರುಳಿಗೊಂಡ ಅಂಚು ಹಿರಿಯರ ಕೊರಳಿನ ಶಿವದಾರಕ್ಕೂ ಕರಡಿಗೆಗೂ ತೊಡರುತ್ತದೆ. ಮೈಭಾಗಕ್ಕೆ 10ನೆಯ ನಂಬರಿನ ಕಡ್ಡಿಯಾದರೆ ಪಟ್ಟಿಗೆ 12 ಹಿಡಿಯುವುದು ರೂಢಿ. ಈ ಹಳೆಯ ಎಣಿಕೆಯಲ್ಲಿ ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆಂಬುದನ್ನು ಹೊಸಬರು ಗಮನಿಸಬೇಕು.

ಹೆಣೆದು ಮುಗಿದ ಅಂಗಿಯನ್ನು ಬಿಚ್ಚಬೇಕಾಗಿಲ್ಲ. ಪಕ್ಕದ ಅಂಚಿನಿಂದ ನಾಲ್ಕು ಸಾಲಿಗೆ ಮೂರರಂತೆ ಕುಣಿಕೆಗಳನ್ನು ಎತ್ತಿಕೊಂಡು ಐದಾರು ಸಾಲು ಸೀದಾ ಹೆಣೆದು, ಸಡಿಲವಾಗಿ ಮುಗಿಸಬಹುದು. ಕ್ರೋಶಾ ಬಲ್ಲವರು ಸುತ್ತಲೂ ಎರಡು ಸುತ್ತು ಹಾಕಿದರೂ ಆಯಿತು.

ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ, ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿ ನೆರಳಿನಲ್ಲಿ ಒಣಗಿಸುವ ಕ್ರಮವೂ ಉಂಟು. ಕುರಿಯ ಉಣ್ಣೆ ಇದಕ್ಕೆ ಚೆನ್ನಾಗಿ ಬಗ್ಗುತ್ತದೆ. ಆದರೂ ಪಟ್ಟಿಯಿಲ್ಲದ ಅಂಚು ತೊಟ್ಟು ಒಗೆದ ಬಳಿಕ ಮತ್ತೆ ಸುತ್ತಿಕೊಳ್ಳುವುದುಂಟು. ಉಲ್ಲನ್ ಎಂದು ಅಂಗಡಿಯಲ್ಲಿ ಕೊಳ್ಳುವ ಅನೇಕ ಉಂಡೆಗಳು ಅಕ್ರಿಲಿಕ್ ನೂಲಿನವು. ಅವು ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ. ಸಂದೇಹವಿದ್ದರೆ ತುಂಡು ನೂಲನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ತಗುಲಿದರೆ ಅಂಚು ಚಪ್ಪಟೆಯಾಗುವುದೇನೋ ನಿಜ, ಆದರೆ ಹೆಣಿಗೆಯ ಮೆದುತನ ಮತ್ತೆ ಮರಳದು.

ಕುಲಾವಿಯ ಮಾತು ಬೇರೆ. ಅದರ ಬಾಯಿಯ ಅಂಚನ್ನು ಪಟ್ಟಿಯಿಲ್ಲದೆ ಹಾಗೆಯೇ ಬಿಟ್ಟರೆ ತಾನಾಗಿ ಸುತ್ತಿಕೊಂಡು ಕೂಸಿನ ಹಣೆಯ ಮೇಲೆ ಮೆತ್ತನೆಯ ಸಿಂಬಿಯಂತೆ ಕೂರುತ್ತದೆ. ಅಲ್ಲಿ ಸುರುಳಿಯೇ ಚೆಂದ.